ಒಂದು ಎಕರೆ ಬಯಲು, 25 ಮಂದಿ, 500 ಸಸಿ: ಈ ಮುಂಗಾರಿಗೆ ಎಲ್ಲಿಂದ ಶುರು ಮಾಡೋಣ?

ಬಡಾವಣೆ ಬಳಗ · ಮೇ 11, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ–ಧಾರವಾಡ ನಡುವಿನ ನಮ್ಮ ಬಡಾವಣೆಯ ಅಂಚಿಗೆ ಪಾಲಿಕೆಯ ಒಂದು ಎಕರೆ ಜಾಗ ಖಾಲಿ ಇದೆ. ಮೇಲಿನ ಅರ್ಧ ಗರಸು ಬೆರೆತ ಮಸಾರಿ (ಕೆಂಪು ನೆಲ), ಕೆಳಗಿನ ಅರ್ಧ ಎರಿ (ಕಪ್ಪು ನೆಲ), ತುದಿಗೆ ಸಣ್ಣ ನಾಲಾ. ಈಗ ಅಲ್ಲಿರುವುದು ತಲೆಯೆತ್ತರದ ಲಂಟಾನ, ಕಾಂಗ್ರೆಸ್ ಕಸ (ಪಾರ್ಥೇನಿಯಂ), ಏಳೆಂಟು ಬಳ್ಳಾರಿ ಜಾಲಿ, ಎರಡು ಹಳೆಯ ಬೇವು, ಒಂದು ಹುಣಸೆ. ಮೇಲ್ಭಾಗದಲ್ಲಿ ಬರೀ ಹುಲ್ಲು. ರವಿವಾರ ಎರಡು ತಾಸು ದುಡಿಯಲು 25 ಮಂದಿ ತಯಾರಿದ್ದಾರೆ. ದಾನಿಯೊಬ್ಬರು 500 ಸಸಿ ಕೊಡುವುದಾಗಿ ಹೇಳಿದ್ದಾರೆ: ಗುಲ್‌ಮೊಹರ್, ಮಳೆಮರ, ಕೋನೋಕಾರ್ಪಸ್, ಸ್ವಲ್ಪ ಬೇವು. ಜೂನ್ 5ರ ಪರಿಸರ ದಿನಕ್ಕೆ ನೆಡಬೇಕೆಂಬುದು ಎಲ್ಲರ ಆಸೆ. ಹಕ್ಕಿ, ಪಾತರಗಿತ್ತಿ, ಓತಿಕ್ಯಾತ ತಿರುಗಿ ಬರುವಂಥ ಜಾಗ ಆಗಬೇಕು. ಏನೇನು ತಯಾರಿ ಬೇಕು, ತಿಳಿದವರು ಹೇಳಿ.

ಎರಿಹೊಲ · ಮೇ 11, ಬೆಳಿಗ್ಗೆ 9:02

500 ಸಸಿ ತಗೋಬ್ಯಾಡ್ರಿ. ಮೊದಲ ನೀರಿನ ಲೆಕ್ಕ ಹಾಕ್ರಿ, ಆಮ್ಯಾಲ ಸಸಿ ಲೆಕ್ಕ. ನೆಡೂ ದಿನ 25 ಮಂದಿ ಬರ್ತಾರ, ಏಪ್ರಿಲ್ ಬಿಸಲಿಗೆ 8 ಮಂದಿ ಉಳೀತಾರ. ಆ 8 ಮಂದಿ ಎಷ್ಟು ಉಳಿಸಬಲ್ಲರೋ ಅಷ್ಟ ನೆಡ್ರಿ. ಕೊಡಾ ತುಂಬಿ ತಂದು, ಮಡಿ ಸರಿಮಾಡಿ, 10 ಲೀಟರ್ ನಿಧಾನ ಇಂಗಿಸಲಿಕ್ಕೆ ಒಂದು ಸಸಿಗೆ 6 ನಿಮಿಷ ಹಿಡೀತದ. ತಾಸಿಗೆ 10 ಸಸಿ. 8 ಮಂದಿ, 2 ತಾಸು ಅಂದ್ರ 160. ನಿಮ್ಮ ಮಿತಿ ಅಷ್ಟ. ಅದಕ್ಕ ವಾರಕ್ಕ 1,600 ಲೀಟರ್ ಸಾಕು. 500 ಸಸಿ ಅಂದ್ರ ವಾರಕ್ಕ 5,000 ಲೀಟರ್, ಡಿಸೆಂಬರದಿಂದ ಮೇ ತನಕ ಪ್ರತಿ ವಾರ ಒಂದು ಟ್ಯಾಂಕರ್.

ಇನ್ನ ತಾರೀಖು. ಜೂನ್ 5ಕ್ಕ ರೋಹಿಣಿ ಮಳಿ ಇನ್ನೂ ಮುಗಿದಿರೂದಿಲ್ಲ. ಒಂದು ಜೋರು ಮಳಿ ಬಿದ್ದು ಹದಿನೈದು ದಿನ ಕೈಕೊಟ್ರ ಸಸಿ ಹೋತು. ಎರಿ ನೆಲದಾಗ ಮ್ಯಾಲ ನಾಕು ಬೆರಳು ಹಸಿ ಕಂಡ್ರೂ ಕೆಳಗ ಒಣಾನ ಇರ್ತದ. ಹಾರಿಯಿಂದ ಒಂದು ಫೂಟ ಅಗದು ತಳದ ಮಣ್ಣು ಮುಷ್ಟ್ಯಾಗ ಹಿಚುಕಿ ನೋಡ್ರಿ. ಉಂಡಿ ಆದ್ರ ನೆಡ್ರಿ, ಪುಡಿ ಆದ್ರ ಕಾಯ್ರಿ. ಎರಿಗೆ ಮೃಗಶಿರಾದ ನಡುವಿನಿಂದ ಆರಿದ್ರಾ ಮುಗಿಯೂತನಕ, ಅಂದ್ರ ಜೂನ್ ಮೂರನೇ ವಾರದಿಂದ ಜುಲೈ ಮೊದಲ ವಾರ ಛಲೋ. ಆಮ್ಯಾಲ ಕಾಲಿಟ್ರ ಮೊಣಕಾಲ ತನಕ ಮಣ್ಣು ಅಂಟ್ತದ, ಕುಣಿ ತಗಿಯಾಕ ಆಗೂದಿಲ್ಲ. ಮಸಾರಿ ಕಡೆ ಜುಲೈ ತುಂಬಾ ನೆಡಬಹುದು. ಜೂನ್ 5ಕ್ಕ ಮಂದೀನ ಕೂಡಸೂದಿತ್ತಂದ್ರ ಅವತ್ತು ಕಸ ತಗಸ್ರಿ.

ಹುಲ್ಲುಗಾವಲು · ಮೇ 11, ಬೆಳಿಗ್ಗೆ 11:35

ದಾನಿಯ ಪಟ್ಟಿಯ ಬಗ್ಗೆ. ಗುಲ್‌ಮೊಹರ್ ಮಡಗಾಸ್ಕರ್‌ನದು, ಮಳೆಮರ ದಕ್ಷಿಣ ಅಮೆರಿಕ ಕಡೆಯದು, ಕೋನೋಕಾರ್ಪಸ್ ಕೂಡ ಹೊರಗಿನದು. ಇವು ನೆರಳು ಕೊಡುತ್ತವೆ, ಬೇಗ ಬೆಳೆಯುತ್ತವೆ. ಆದರೆ ಇಲ್ಲಿನ ಹುಳು ಇವುಗಳ ಎಲೆ ತಿಂದು ಬೆಳೆಯುವುದು ತೀರಾ ಕಡಿಮೆ. ಹುಳು ಇಲ್ಲದ ಮರದಲ್ಲಿ ಮರಿಗಳಿಗೆ ಉಣಿಸಲು ಹಕ್ಕಿಗೆ ಏನೂ ಸಿಗುವುದಿಲ್ಲ. ಬೇವನ್ನಷ್ಟೇ ಇಟ್ಟುಕೊಳ್ಳಿ.

ಅದಕ್ಕಿಂತ ಮುಖ್ಯವಾದದ್ದು ನೀವು "ಬರೀ ಹುಲ್ಲು" ಎಂದು ಬರೆದ ಮೇಲ್ಭಾಗ. ಅದು ಖಾಲಿ ಜಾಗವಲ್ಲ. ಧಾರವಾಡದ ಪಶ್ಚಿಮಕ್ಕೆ ಮಲ್ಲಾಡದ ಸೆರಗು, ಹುಬ್ಬಳ್ಳಿಯ ಪೂರ್ವಕ್ಕೆ ಬೆಳವಲ, ಅಂದರೆ ಎರಿ ನೆಲದ ಬಯಲುಸೀಮೆ. ಇವೆರಡರ ನಡುವಿನ ಗರಸು ದಿಬ್ಬಗಳಲ್ಲಿ ಮೊದಲಿನಿಂದ ಇದ್ದದ್ದೇ ಹುಲ್ಲು ಮತ್ತು ಚದುರಿದ ಪೊದೆ. ನೆಲಗುಬ್ಬಿ, ಕೌಜುಗ ಗೂಡು ಮಾಡುವುದು ನೆಲದ ಮೇಲೆ, ಹುಲ್ಲಿನ ಬುಡದಲ್ಲಿ. ಅಲ್ಲಿ ಸಾಲು ಸಾಲಾಗಿ ಮರ ನೆಟ್ಟರೆ ಅವು ಜಾಗ ಬಿಡುತ್ತವೆ. ನಮ್ಮ ನೆರೆಯ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಅಭಯಾರಣ್ಯವನ್ನೇ ನೋಡಿ. 1974ರಲ್ಲಿ ಕೃಷ್ಣಮೃಗಕ್ಕೆಂದು ಘೋಷಿಸಿದ ಆ ಹುಲ್ಲು ಬಯಲಿನ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತ್ತು. ಕೃಷ್ಣಮೃಗ ಉಳಿದಿದೆ. ಬಯಲನ್ನೇ ನಂಬಿದ್ದ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಈಗ ಅಲ್ಲಿ ಕಾಣುವುದಿಲ್ಲ.

ಹಾಗಾಗಿ ಮೇಲಿನ ಅರ್ಧದಲ್ಲಿ ಮರ ಬೇಡ. ಅಂಚಿಗೆ ಮಾತ್ರ ಪೊದೆಸಾಲು ಇರಲಿ. ಹುಲ್ಲನ್ನು ವರ್ಷಕ್ಕೊಮ್ಮೆ, ಬೀಜ ಉದುರಿದ ಮೇಲೆ ಡಿಸೆಂಬರ್ ಕೊನೆಗೆ, ನೆಲದಿಂದ 10–15 ಸೆಂಟಿಮೀಟರ್ ಬಿಟ್ಟು ಕೊಯ್ಯಿರಿ. ಒಂದು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಕೊಯ್ದು, ಉಳಿದ ಪಾಲನ್ನು ಹಾಗೇ ನಿಲ್ಲಿಸಿ, ಮುಂದಿನ ವರ್ಷ ಪಾಲು ಬದಲಿಸಿ. ಕೊಯ್ದ ಹುಲ್ಲನ್ನು ಅಕ್ಕಪಕ್ಕದ ದನದವರಿಗೆ ಕೊಟ್ಟರೆ ಅವರೇ ಆ ಜಾಗ ಕಾಯುತ್ತಾರೆ. ಬೆಂಕಿಯಂತೂ ಬೇಡವೇ ಬೇಡ. ಫೆಬ್ರವರಿ ಒಳಗೆ ರಸ್ತೆ ಬದಿಗೆ 3 ಮೀಟರ್ ಅಗಲ ಹುಲ್ಲು ಹೆರೆದು ಬೆಂಕಿರೇಖೆ ಮಾಡಿಕೊಳ್ಳಿ. ಸೇದಿ ಎಸೆದ ಒಂದು ಬೀಡಿ ಸಾಕು, ವರ್ಷದ ಕೆಲಸ ಹೋಗುತ್ತದೆ.

ಹೊಸದಾಗಿ ಸೇರಿದವ · ಮೇ 11, ಮಧ್ಯಾಹ್ನ 1:20

ಸಸಿಗಳನ್ನು ಒತ್ತೊತ್ತಾಗಿ ನೆಡುವ ಮಿಯಾವಾಕಿ ವಿಧಾನದಲ್ಲಿ ಮಾಡಿದರೆ ಮೂರು ವರ್ಷದಲ್ಲಿ ಕಾಡು ಆಗುತ್ತದೆ ಅಂತಾರಲ್ಲ?

ಸಸಿಮಡಿ · ಮೇ 11, ಮಧ್ಯಾಹ್ನ 2:05

ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಆ ವಿಧಾನ ರೂಪಿಸಿದ್ದು ತೇವ ಹೆಚ್ಚಿರುವ, ದಟ್ಟ ಕಾಡೇ ಸಹಜವಾದ ನೆಲಕ್ಕೆ. ಚದರ ಮೀಟರಿಗೆ 3 ಸಸಿ ಹಿಡಿದರೂ ಒಂದು ಎಕರೆಗೆ 12,000ದ ಮೇಲೆ ಬೇಕು. ಇಡೀ ನೆಲ ಮೂರು ಅಡಿ ಅಗೆದು ಗೊಬ್ಬರ ಬೆರೆಸಬೇಕು, ಎರಡು–ಮೂರು ವರ್ಷ ನೀರು ತಪ್ಪಿಸುವಂತಿಲ್ಲ. ನಮ್ಮಲ್ಲಿ ವರ್ಷದ ಮಳೆ 700–800 ಮಿಲಿಮೀಟರ್ ಆಸುಪಾಸು, ಅದೂ ಐದಾರು ತಿಂಗಳಲ್ಲಿ. ಕಾರ್ಖಾನೆಯ ಗೋಡೆ ಬದಿಗೆ ಧೂಳು ತಡೆಯಲು ನಾಲ್ಕು ಗುಂಟೆ ಮಾಡುವವರು ಮಾಡಲಿ. ಹುಲ್ಲು–ಕುರುಚಲಿನ ಜೀವಿಗಳು ಬೇಕೆಂದವರಿಗೆ ಅದು ಹೊಂದುವುದಿಲ್ಲ, ನೆಲಕ್ಕೆ ಬಿಸಿಲೇ ಬೀಳುವುದಿಲ್ಲ.

ಬೀಜದುಂಡೆಯ ಮಾತು ಬರುವ ಮುಂಚೆಯೇ ಹೇಳಿಬಿಡುತ್ತೇನೆ. ಗಟ್ಟಿ ನೆಲದ ಮೇಲೆ ಎಸೆದ ಉಂಡೆ ಒಂದು ಮಳೆಗೆ ಒಡೆದು ಮೊಳೆತು ಬೇರಿಳಿಸಲಾಗದೆ ಒಣಗುತ್ತದೆ, ಇಲ್ಲವೇ ಇರುವೆ–ಇಲಿಯ ಪಾಲು. ಬೀಜವನ್ನು ಕುರ್ಪಿಯಿಂದ ಎರಡು ಬೆರಳು ಆಳಕ್ಕೆ ಊರಿದರೆ ಅದರ ಹತ್ತು ಪಟ್ಟು ಕೆಲಸವಾದಂತೆ.

ಕುಡಗೋಲು · ಮೇ 11, ಸಂಜೆ 6:40

ಮೊದಲ ಕೆಲಸ ಕಸ ತೆಗೆಯುವುದು, ಅದನ್ನೇ ವಿವರವಾಗಿ ಬರೆಯುತ್ತೇನೆ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಲಂಟಾನ: ಮೇಲೆ ಸವರಿದರೆ ಒಂದೇ ಮಳೆಗೆ ಬುಡದಿಂದ ಹತ್ತು ಚಿಗುರು ಬರುತ್ತವೆ. ಸುಟ್ಟರೂ ಅದೇ ಕತೆ. ಚಿಗುರುವ ಶಕ್ತಿ ಇರುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಲ್ಲಿ. ಆ ಗಂಟಿನ ಕೆಳಗೆ, ನೆಲದ ಮಟ್ಟದಿಂದ 3–5 ಸೆಂಟಿಮೀಟರ್ ಆಳದಲ್ಲಿ ತಾಯಿಬೇರು ಕಡಿಯಬೇಕು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ಬಳಕೆಗೆ ತಂದ ವಿಧಾನ ಇದು. ಜೋಡಿಯಾಗಿ ಮಾಡಿ. ಒಬ್ಬರು ಕವೆಕೋಲಿನಿಂದ ಪೊದೆಯನ್ನು ಒಂದು ಬದಿಗೆ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಬುಡದ ಮಣ್ಣು ಸರಿಸಿ, ಉದ್ದ ಹಿಡಿಕೆಯ ಗುದ್ದಲಿಯಿಂದ ಓರೆಯಾಗಿ ಒಂದೆರಡು ಏಟು ಹಾಕಬೇಕು. ಬೇರು ತುಂಡಾದ ಕ್ಷಣ ಪೊದೆಯ ಬಿಗಿ ಒಮ್ಮೆಲೇ ಸಡಿಲುತ್ತದೆ, ಕೈಗೆ ಗೊತ್ತಾಗುತ್ತದೆ. ಹೊರಬಂದ ಬುಡವನ್ನು ತಿರುಗಿಸಿ ನೋಡಿ, ಉಬ್ಬಿದ ಗಂಟು ಪೂರಾ ಅದರಲ್ಲೇ ಇರಬೇಕು. ಇಲ್ಲದಿದ್ದರೆ ಅದು ನೆಲದಲ್ಲೇ ಉಳಿದಿದೆ, ಮತ್ತೆ ಅಗೆಯಿರಿ. ಕಿತ್ತ ಪೊದೆಯನ್ನು ಬೇರು ಮೇಲಾಗಿ ತಲೆಕೆಳಗೆ ನಿಲ್ಲಿಸಿ. ಹಸಿ ನೆಲಕ್ಕೆ ತಗುಲಿದರೆ ಕಾಂಡವೇ ಬೇರು ಬಿಡುತ್ತದೆ. ಕಪ್ಪು ಹಣ್ಣು ಕಚ್ಚಿದ್ದರೆ ಮೊದಲು ಆ ಟೊಂಗೆ ಕತ್ತರಿಸಿ ಚೀಲಕ್ಕೆ ಹಾಕಿ.

ಒಮ್ಮೆಲೇ ಎಲ್ಲ ತೆಗೆಯಬೇಡಿ. ಈಗ ಪಿಕಳಾರ, ಟುವ್ವಿಗಳು ಅದರಲ್ಲೇ ಗೂಡು ಮಾಡುವ ಕಾಲ. ಬೇರೆ ಮರೆ ಇಲ್ಲದ ಜಾಗದಲ್ಲಿ ಲಂಟಾನವೇ ಅವುಗಳ ಮನೆ. ಮೂರು ಪಾಲು ಮಾಡಿ, ಈ ವರ್ಷ ಒಂದು ಪಾಲು ತೆಗೆದು ಆ ಜಾಗಕ್ಕೆ ಲಕ್ಕಿ, ಕವಳಿ ನೆಡಿ. ಅವು ಸೊಂಟದೆತ್ತರ ಬಂದ ಮೇಲೆ ಇನ್ನೊಂದು ಪಾಲು. ಗುದ್ದಲಿ ಹಾಕುವ ಮುಂಚೆ ಐದು ನಿಮಿಷ ದೂರ ನಿಂತು ನೋಡಿ. ಬಾಯಲ್ಲಿ ಹುಳು ಹಿಡಿದ ಹಕ್ಕಿ ಮತ್ತೆ ಮತ್ತೆ ಒಂದೇ ಪೊದೆಗೆ ಹೊಕ್ಕರೆ ಅದನ್ನು ಬಿಟ್ಟು ಮುಂದೆ ಹೋಗಿ. ತೆಗೆದ ಜಾಗದಲ್ಲಿ ಎರಡು–ಮೂರು ವರ್ಷ ಮೊಳಕೆ ಬರುತ್ತಲೇ ಇರುತ್ತದೆ. ಮುಖ್ಯವಾಗಿ ಬೇವು, ಹುಣಸೆಯ ಕೆಳಗೆ ಹುಡುಕಿ, ಹಣ್ಣು ತಿಂದ ಹಕ್ಕಿ ಕೂತು ಹಿಕ್ಕೆ ಹಾಕುವುದು ಅಲ್ಲೇ.

ಕಾಂಗ್ರೆಸ್ ಕಸ: ಬಿಳಿ ಹೂ ಕಾಣುವ ಮೊದಲೇ, ಮಳೆಯಾದ ಮರುದಿನ ಬೇರುಸಹಿತ ಕೀಳಬೇಕು. ಹೂ ಬಂದ ಮೇಲೆ ಕಿತ್ತು ಬದುವಿಗೆ ಎಸೆದರೆ ನೀವೇ ಬಿತ್ತಿದಂತೆ, ಒಂದು ಗಿಡದಲ್ಲಿ ಸಾವಿರಗಟ್ಟಲೆ ಬೀಜ. ಹೂವಿಲ್ಲದ ಗಿಡ ಗೊಬ್ಬರದ ಗುಂಡಿಗೆ ನಡೆಯುತ್ತದೆ. ರಬ್ಬರ್ ಕೈಗವಸು, ತುಂಬು ತೋಳು, ಮೂಗಿಗೆ ಬಟ್ಟೆ ಕಡ್ಡಾಯ. ಕೆಮ್ಮು–ದಮ್ಮು, ಚರ್ಮದ ತುರಿಕೆ ಇದ್ದವರನ್ನು ಈ ಕೆಲಸಕ್ಕೆ ಹಚ್ಚಬೇಡಿ. ಮಳೆಗಾಲದಲ್ಲಿ ಎಲೆ ಮೇಲೆ ಕಡಲೆ ಬೇಳೆ ಗಾತ್ರದ, ಮಾಸಲು ಬಿಳಿ ಬೆನ್ನಿಗೆ ಕರಿ ಅಂಕುಡೊಂಕು ಗೆರೆಯ ಜೀರುಂಡೆ ಕಂಡರೆ ಕೊಲ್ಲಬೇಡಿ. ಅದು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೋಗ್ರಾಮಾ, ಪಾರ್ಥೇನಿಯಂ ಎಲೆಯನ್ನೇ ತಿಂದು ಜಾಳಿಗೆ ಮಾಡುತ್ತದೆ. ಕಿತ್ತ ಜಾಗಕ್ಕೆ ತಗಚಿ ಬೀಜ ಎರಚಿ. ನೆಲ ಬರಿದಾಗಿ ಬಿಟ್ಟರೆ ಮೂರು ವಾರದಲ್ಲಿ ಮತ್ತೆ ಅದೇ ಕಸ.

ಬಳ್ಳಾರಿ ಜಾಲಿ: ನೆಲಮಟ್ಟಕ್ಕೆ ಕಡಿದರೆ ಒಂದರ ಜಾಗಕ್ಕೆ ಎಂಟು ಕಾಂಡ. ಒಂದು ಅಡಿ ಆಳದವರೆಗೆ ಬುಡ ಬಿಡಿಸಿ ಬೇರು ಕಡಿಯಬೇಕು. ಆದರೆ ಮರ ಅಂದಮೇಲೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಪರದೇಶಿ ಗಿಡವಾದರೂ ಸರಿ, ಅನುಮತಿ ಬೇಕೇ ಎಂದು ವೃಕ್ಷಾಧಿಕಾರಿಯನ್ನು ಕೇಳದೆ ಕೊಡಲಿ ಎತ್ತಬೇಡಿ. ಕೆಳಗಿನ ಎಳೆ ಸಸಿಗಳನ್ನು ಮಾತ್ರ ಕೀಳುತ್ತಾ ಹೋಗಿ.

ಕೀಳುವ ಮುಂಚೆ ಬನ್ನಿ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಬಳ್ಳಾರಿ ಜಾಲಿಯ ಮುಳ್ಳು ಎಲೆಯ ಬುಡದಲ್ಲಿ ಜೋಡಿಯಾಗಿರುತ್ತವೆ. ಬನ್ನಿಯ ಮುಳ್ಳು ಸಣ್ಣವು, ಗೆಣ್ಣಿನ ನಡುವೆಯೂ ಚದುರಿರುತ್ತವೆ.

ಬಡಾವಣೆ ಬಳಗ · ಮೇ 12, ಬೆಳಿಗ್ಗೆ 7:30

ಬಹಳ ಉಪಕಾರ. ದಾನಿಯವರಿಗೆ ತಿಳಿಸಿದೆವು. ಸಸಿಯ ಬದಲು ಬೇಸಿಗೆಯ ನೀರಿನ ಖರ್ಚು ಮತ್ತು ಸಾಮಾನು ಕೊಡಲು ಒಪ್ಪಿದ್ದಾರೆ. ಏನೇನು ಸಾಮಾನು ಬರೆಸಲಿ? 160ರಲ್ಲಿ ಯಾವುದು ಎಷ್ಟು? ಎರಿ ಕುಣಿಗೆ ಕೆಂಪು ಮಣ್ಣು, ಉಸುಕು ತುಂಬಬೇಕೆಂದು ಕೆಲವರು ಹೇಳುತ್ತಿದ್ದಾರೆ, ಅದು ಸರಿಯೇ?

ಎರಿಹೊಲ · ಮೇ 12, ಬೆಳಿಗ್ಗೆ 8:15

ಉಸುಕು, ಕೆಂಪು ಮಣ್ಣು ತುಂಬಬ್ಯಾಡ್ರಿ. ಎರಿ ನೆಲದಾಗ ನೀರು ಸರಳ ಇಳಿಯೂದಿಲ್ಲ. ಕುಣಿ ಒಳಗ ಮಾತ್ರ ಸಡಿಲ ಮಣ್ಣು ಹಾಕಿದ್ರ ಸುತ್ತಲಿನ ನೀರೆಲ್ಲಾ ಅಲ್ಲೇ ಬಂದು ನಿಲ್ತದ, ಕುಣಿ ಅನ್ನೂದು ನೀರಿನ ತೊಟ್ಟಿ ಆಗ್ತದ. ಬೇರು ಆ ಮೆತ್ತನ ಮಣ್ಣಿನಾಗ ಸುತ್ತತಾವ, ಹೊರಗ ಹೋಗೂದಿಲ್ಲ, ಕೊಳೀತಾವ. ತಗದ ಮಣ್ಣನ್ನ ಹೆಂಟಿ ಒಡದು, ಮೂರು ಪಾಲು ಮಣ್ಣಿಗೆ ಒಂದು ಪಾಲು ಕಳತ ಗೊಬ್ಬರ ಕೂಡಿಸಿ ಅದನ್ನ ತುಂಬ್ರಿ. ಹಸಿ ಸಗಣಿ ಹಾಕಿದ್ರ ಗೊಣ್ಣಿ ಹುಳಾ ಬರ್ತಾವ.

ಕುಣಿ ಒಂದೂವರಿ ಫೂಟ ಉದ್ದ, ಅಷ್ಟ ಅಗಲ, ಅಷ್ಟ ಆಳ. ಈಗ ಮೇನಾಗ ತಗದು ಮೂರು ವಾರ ಬಿಸಲಿಗೆ ಬಿಡ್ರಿ. ಹಾರಿ ಬಡದು ನುಣುಪಾದ ಗ್ವಾಡಿ ಇದ್ರ ಪಿಕಾಸಿಯಿಂದ ಕೆತ್ತಿ ಒರಟ ಮಾಡ್ರಿ, ಇಲ್ಲಂದ್ರ ಬೇರಿಗೆ ಅದು ಗಡಗಿ ಗ್ವಾಡಿ ಇದ್ದಂಗ. ನೆಡೂಮುಂದ ಎರಿಯಾಗ ಸಸಿ ಬುಡ ಸುತ್ತಲಿನ ನೆಲಕ್ಕಿಂತ ಅರ್ಧ ಫೂಟ ಎತ್ತರ ಇರಬೇಕು, ಒಂದು ಸಣ್ಣ ದಿಬ್ಬ. ಗರಸಿನಾಗ ಉಲ್ಟಾ, ಎರಡು ಫೂಟ ಆಳದ ಕುಣಿ, ಬುಡ ನಾಕು ಬೆರಳು ತಗ್ಗಿನಾಗ, ಇಳಿಜಾರಿನ ಕೆಳಗ ಅರ್ಧಚಂದ್ರದ ಒಡ್ಡು. ಎರಿಯಾಗ ನೀರು ಹೊರಗ ಹಾಕೂದು, ಗರಸಿನಾಗ ನೀರು ಹಿಡಿಯೂದು.

ಸಸಿಮಡಿ · ಮೇ 12, ಬೆಳಿಗ್ಗೆ 10:50

160ರ ಹಂಚಿಕೆ ಹೀಗಿರಲಿ: ಮರ 45, ಪೊದೆ 90, ಬಳ್ಳಿ 25. ಸಾಮಾನ್ಯವಾಗಿ ಎಲ್ಲರೂ ಇದನ್ನು ತಿರುವುಮುರುವು ಮಾಡುತ್ತಾರೆ, ಪೊದೆಯನ್ನು ಮರೆತೇಬಿಡುತ್ತಾರೆ. ಸಣ್ಣ ಹಕ್ಕಿ, ಮುಂಗುಸಿ, ಓತಿಕ್ಯಾತಗಳಿಗೆ ಬೇಕಾದದ್ದು ಎದೆಯೆತ್ತರದೊಳಗಿನ ಮರೆ.

ಎರಿಗೆ: ಕರಿಜಾಲಿ, ಬನ್ನಿ, ತಪಸಿ, ಬೇವು, ಬೋರೆ.
ಮಸಾರಿ ಅಂಚಿಗೆ: ದಿಂಡಲ, ಕಮರ, ಕಕ್ಕೆ, ಬೆಳವಲ, ನೆಲ್ಲಿ, ಮುತ್ತಲ.
ನಾಲಾ ಬದಿಗೆ: ಹುಲಗಲ (ಬೇರೆ ಕಡೆ ಹೊಂಗೆ ಅನ್ನುವುದು ಇದಕ್ಕೇ), ನೇರಲ, ಅತ್ತಿ, ಈಚಲ.
ಪೊದೆ: ಲಕ್ಕಿ, ಕವಳಿ, ತಂಗಡಿ, ಬಂದರಿಕೆ, ಕಾರಿ.
ಬಳ್ಳಿ: ಈಶ್ವರಿ, ಅಮೃತಬಳ್ಳಿ, ಶತಾವರಿ, ಕಾಡುತೊಂಡೆ.

ಮರದಿಂದ ಮರಕ್ಕೆ 5 ಮೀಟರ್, ಪೊದೆಗೆ ಒಂದೂವರೆ ಮೀಟರ್. ಪೊದೆಗಳನ್ನು ಸಾಲಾಗಿ ಬೇಡ, ಐದೈದು, ಏಳೇಳರ ಗುಂಪಾಗಿ ನೆಡಿ. ಗುಂಪಿನ ನಡುವೆ ಬಿಸಿಲು ಬೀಳುವ ಜಾಗ ಇರಲಿ.

ಆರು ಅಡಿ ಎತ್ತರದ ಸಸಿಗೆ ಮರುಳಾಗಬೇಡಿ. ಒಂದು ವರ್ಷದ, ಒಂದೂವರೆ–ಎರಡು ಅಡಿಯ ಸಸಿ ಸಾಕು. ದೊಡ್ಡದು ಚೀಲದಲ್ಲೇ ಬೇರು ಸುತ್ತಿಕೊಂಡಿರುತ್ತದೆ. ನೆಡುವಾಗ ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ, ಹೆಂಟೆಯ ತಳ ನೋಡಿ. ಚಕ್ಕುಲಿ ಸುತ್ತಿದ ಹಾಗೆ ಬೇರು ಸುತ್ತಿದ್ದರೆ ತಳದ ಎರಡು ಸೆಂಟಿಮೀಟರ್ ನೇರ ಕೊಯ್ದು ತೆಗೆಯಿರಿ, ಬದಿಗೆ ಸುತ್ತಿದ ಬೇರಿಗೆ ಎರಡು ಕಡೆ ಮೇಲಿಂದ ಕೆಳಗೆ ಗೀರು ಹಾಕಿ. ಕರುಣೆ ತೋರಿಸಿ ಹಾಗೇ ನೆಟ್ಟರೆ ಎರಡು ವರ್ಷ ಹಸಿರಾಗಿದ್ದು ಮೂರನೇ ವರ್ಷ ಗಾಳಿಗೆ ಉರುಳುತ್ತದೆ. ಚೀಲದಲ್ಲಿ ಮಣ್ಣು ಎಲ್ಲಿಯತನಕ ಇತ್ತೋ ಅಲ್ಲಿಯತನಕವೇ ಹೂಳಿ, ಕಾಂಡ ಹೂಳಬೇಡಿ. ಪ್ಲಾಸ್ಟಿಕ್ ಎಣಿಸಿ ವಾಪಸು ತನ್ನಿ. 160 ಸಸಿ ಅಂದರೆ 160 ಚೀಲ ಕೈಗೆ ಬರಬೇಕು.

ಮುಚ್ಚಿಗೆಗೆ ತರಗೆಲೆ, ಒಣಹುಲ್ಲು ನಾಲ್ಕು ಬೆರಳು ದಪ್ಪ. ಕಾಂಡದಿಂದ ಮೂರು ಬೆರಳು ಬಿಟ್ಟು ಹಾಕಿ, ಅಂಟಿಸಿದರೆ ಒರಲೆ ಏರುತ್ತದೆ. ಒರಲೆ ಇರುವ ಕುಣಿಗೆ 200 ಗ್ರಾಂ ಬೇವಿನ ಹಿಂಡಿ.

ಸಿಗದ ಸಸಿಗೆ ಬೀಜ ಹಾಕಿ. ಬೇವಿನ ಬೀಜ ಎರಡು–ಮೂರು ವಾರದಲ್ಲಿ ಸಾಯುತ್ತದೆ, ಹಳದಿ ಹಣ್ಣು ಹೆಕ್ಕಿ ತಿರುಳು ತೊಳೆದು ನೆರಳಲ್ಲಿ ಆರಿಸಿ ತಕ್ಷಣ ಬಿತ್ತಿ. ನೇರಲವೂ ಹಾಗೇ, ಒಣಗಿಸಿ ಇಟ್ಟರೆ ಕೆಟ್ಟಿತು. ಮುತ್ತಲ ಚೀಲದಲ್ಲಿ ಬೆಳೆಸುವುದಕ್ಕಿಂತ ಜೂನಿನಲ್ಲಿ ನೇರ ನೆಲಕ್ಕೆ ಊರುವುದೇ ಮೇಲು, ತಾಯಿಬೇರು ಬಹಳ ಬೇಗ ಆಳಕ್ಕೆ ಇಳಿಯುತ್ತದೆ. ಕಕ್ಕೆ ಬೀಜದ ಸಿಪ್ಪೆ ಗಟ್ಟಿ, ಒಂದು ಬದಿಯನ್ನು ಉಸುಕಿನ ಕಾಗದಕ್ಕೆ ತಿಕ್ಕಿ ಒಳಗಿನ ಬಿಳಿ ಕಾಣದ ಹಾಗೆ ತೆಳುವಾಗಿಸಿ, ಒಂದು ರಾತ್ರಿ ನೆನೆಸಿ. ಉಬ್ಬಿದ್ದನ್ನು ಮಾತ್ರ ಬಿತ್ತಿ. ಕರಿಜಾಲಿ ಬೀಜ ಆಡಿನ ಹಟ್ಟಿಯಲ್ಲಿ ಹೆಕ್ಕಿ. ಆಡಿನ ಹೊಟ್ಟೆ ಹಾದು ಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ.

ಸಾಮಾನು: ಪಿಕಾಸಿ 6, ಸಲಿಕೆ 6, ಹಾರೆ 4, ಕುರ್ಪಿ 25, ಬುಟ್ಟಿ 12, ಉದ್ದ ಹಿಡಿಕೆಯ ಗುದ್ದಲಿ 4, 15 ಲೀಟರಿನ ಕೊಡ 16, ಚರ್ಮದ ಕೈಗವಸು ಮತ್ತು ರಬ್ಬರ್ ಕೈಗವಸು 25 ಜೊತೆ, ಗಮ್‌ಬೂಟು ಕನಿಷ್ಠ 8 ಜೊತೆ. 1,000 ಲೀಟರಿನ ಸಿಂಟೆಕ್ಸ್ ಎರಡು ಇಟ್ಟರೆ ಟ್ಯಾಂಕರ್ ಯಾವ ಹೊತ್ತಿಗೆ ಬಂದರೂ ನಡೆಯುತ್ತದೆ. ಟ್ಯಾಂಕರಿನ ಪೈಪನ್ನು ನೇರ ಸಸಿಗೆ ಹಿಡಿದರೆ ಬುಡದ ಮಣ್ಣೆಲ್ಲ ಕೊಚ್ಚಿ ಹೋಗುತ್ತದೆ.

ಕುಡಗೋಲು · ಮೇ 12, ಮಧ್ಯಾಹ್ನ 12:25

ಕಬ್ಬಿಣದ ಟ್ರೀಗಾರ್ಡಿಗೆ ದುಡ್ಡು ಹಾಕಬೇಡಿ, ಕದ್ದೂ ಹೋಗುತ್ತವೆ. ಅನುಮತಿ ಸಿಕ್ಕು ಬಳ್ಳಾರಿ ಜಾಲಿ ಕಡಿದರೆ ಅದೇ ಮುಳ್ಳುಟೊಂಗೆಗಳನ್ನು ಸಸಿ ಗುಂಪಿನ ಸುತ್ತ, ಬುಡ ಒಳಗೆ ತುದಿ ಹೊರಗೆ ಹೆಣೆದು ಬೇಲಿ ಕಟ್ಟಿ. ಆಡು ಹಾಯುವುದಿಲ್ಲ, ಎರಡು ವರ್ಷ ಬಾಳುತ್ತದೆ. ಹಳದಿ ಕಾಯಿ ಒಂದೂ ಬಿಡದೆ ಬಿಡಿಸಿಕೊಂಡೇ ಹೆಣೆಯಿರಿ. ದನ ಕಾಯಿ ತಿಂದು ಇಡೀ ಬಯಲಿಗೆ ಹರಡುತ್ತದೆ.

ದನ–ಆಡು ಕಾಯುವವರ ಜೊತೆ ಮಾತಾಡದೆ ಬೇಲಿ ಹಾಕಿದರೆ ಅದು ಒಂದು ವಾರ ನಿಲ್ಲುವುದಿಲ್ಲ. ಮೇಲಿನ ಹುಲ್ಲು ಕೊಯ್ದು ಒಯ್ಯಲು ಅವರಿಗೇ ಮೊದಲ ಹಕ್ಕು ಎಂದು ಈಗಲೇ ಹೇಳಿ.

ಪಾತರಗಿತ್ತಿ · ಮೇ 12, ಮಧ್ಯಾಹ್ನ 3:10

ಪಾತರಗಿತ್ತಿ ಬೇಕು ಅಂದವರು ಹೂವಿನ ಗಿಡದ ಬಗ್ಗೆ ಮಾತ್ರ ವಿಚಾರ ಮಾಡ್ತಾರ. ಹೂವು ಬರೇ ಊಟದ ಖಾನಾವಳಿ, ಅವಕ್ಕ ಬೇಕಾಗಿದ್ದು ತವರುಮನಿ. ಮೊಟ್ಟಿ ಇಡೂ ಗಿಡ ಇಲ್ಲಂದ್ರ ಬಂದು ಕುಡಿದು ಹೋಗ್ತಾವ, ಉಳಿಯೂದಿಲ್ಲ. ಎಕ್ಕಿ ಗಿಡಕ್ಕ ಪ್ಲೇನ್ ಟೈಗರ್ ಅನ್ನೂ ಪಾತರಗಿತ್ತಿ ಮೊಟ್ಟಿ ಇಡ್ತದ, ಹಂಗಾಗಿ ನಾಲಾ ಕಡೆ ಇರೂ ಎಕ್ಕಿ ಕಸ ಅಂತ ಕೀಳಬ್ಯಾಡ್ರಿ. ಕಕ್ಕಿಗೆ ಎಮಿಗ್ರಂಟ್, ಕರಿಬೇವು–ಬಿಲ್ವಪತ್ರಿಗೆ ಲೈಮ್ ಪಾತರಗಿತ್ತಿ, ಈಶ್ವರಿ ಬಳ್ಳಿಗೆ ಕಾಮನ್ ರೋಸ್ ಮತ್ತ ಕ್ರಿಮ್ಸನ್ ರೋಸ್. ಹಳೇ ಬೇವಿನ ಟೊಂಗಿಗೆ ಬದನಿಕಿ ಹತ್ತಿದ್ರ ಪೂರಾ ತಗೀಬ್ಯಾಡ್ರಿ, ಜೆಜೆಬೆಲ್ ಮೊಟ್ಟಿ ಇಡೂದು ಅದರ ಎಲಿಗೆ.

ಆಗಸ್ಟಿನ್ಯಾಗ ಯಾರರೆ ಫೋಟೋ ಹಾಕಿ "ಗಿಡಕ್ಕ ಹುಳಾ ಬಿದ್ದದ, ಏನು ಹೊಡೀಲಿ" ಅಂತ ಕೇಳೇ ಕೇಳ್ತಾರ. ಏನೂ ಹೊಡೀಬ್ಯಾಡ್ರಿ. ಕರಿಬೇವಿನ ಎಲಿ ಮ್ಯಾಲ ಹಕ್ಕಿ ಹಿಕ್ಕಿಯಂಥ ಕರಿ–ಬಿಳಿ ಹುಳಾ ಕಾಣ್ತದ, ನಾಕು ಸಲ ಪೊರಿ ಬಿಟ್ಟ ಮ್ಯಾಲ ಹಸರ ಆಗ್ತದ. ಮುಟ್ಟಿದ್ರ ತಲಿ ಹಿಂದಿನಿಂದ ಕೋಡಿನಂಥಾದ್ದು ಹೊರಗ ಹಾಕಿ ಘಾಟು ವಾಸನಿ ಬಿಡ್ತದ. ಗಿಡ ಅರ್ಧ ಬೋಳಾದ್ರೂ ಮತ್ತ ಚಿಗೀತದ.

ಎರಿಹೊಲ · ಮೇ 12, ಮಧ್ಯಾಹ್ನ 3:40

ಅಕ್ಕಾರ, ಕರಿಬೇವು, ಬಿಲ್ವ ಎರಿಯಾಗ ಹಚ್ಚಬಹುದೇನು?

ಪಾತರಗಿತ್ತಿ · ಮೇ 12, ಸಂಜೆ 4:05

ಬಿಲ್ವಪತ್ರಿ ನಡೀತದ್ರಿ ಅಣ್ಣಾರ, ನೀವು ಹೇಳಿದ ದಿಬ್ಬದ ಮ್ಯಾಲ. ಕರಿಬೇವಿಗೆ ನೀರು ನಿಲ್ಲಬಾರದು, ಮಸಾರಿ ಅಂಚಿಗೆ ಹಚ್ರಿ.

ನಾಲಾದಂಡೆ · ಮೇ 12, ರಾತ್ರಿ 9:15

ನಾಲಾದ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಮೊದಲ ಮಳೆಗೆ ಹೋಗಿ ನಿಂತು ನೋಡಿ: ನೀರು ಎಲ್ಲಿಂದ ಒಳಬರುತ್ತದೆ, ಎಲ್ಲಿ ಮಣ್ಣು ಕೊರೆಯುತ್ತದೆ, ಬಣ್ಣ ಏನು. ಬೇಸಿಗೆಯಲ್ಲೂ ಹರಿಯುತ್ತಿದ್ದರೆ, ಬೂದು ಬಣ್ಣವಿದ್ದರೆ ಅದು ಮನೆಗಳ ಹೊಲಸು ನೀರು. ಅದನ್ನು ಸಸಿಗೆ ತಿರುಗಿಸಬೇಡಿ, ಸಾರಜನಕ ಹೆಚ್ಚಾಗಿ ಕಸವೇ ಕೊಬ್ಬುತ್ತದೆ. ನಮ್ಮ ಕೆರೆಗಳಲ್ಲಿ ಅಂತರಗಂಗಿ ಹಬ್ಬುವುದಕ್ಕೂ ಇದೇ ಮೂಲ.

ಕೊರೆತ ಇರುವ ಕಡೆ ಕಲ್ಲಿನ ತಡೆ ಹಾಕಿ. ಎತ್ತರ ಒಂದೂವರೆ ಅಡಿ ಮೀರದಿರಲಿ. ತಳಕ್ಕೆ ಅರ್ಧ ಅಡಿ, ಎರಡೂ ದಂಡೆಗೆ ಒಂದೊಂದು ಅಡಿ ಒಳಗೆ ಕಲ್ಲು ಸೇರಿಸಿ. ನಡುಭಾಗ ಎರಡೂ ಬದಿಗಿಂತ ಅರ್ಧ ಅಡಿ ತಗ್ಗಿರಬೇಕು. ಮೇಲೆ ಸಪಾಟು ಮಾಡಿದರೆ ನೀರು ಬದಿಯಿಂದ ದಾರಿ ಮಾಡಿಕೊಂಡು ದಂಡೆಯನ್ನೇ ತಿನ್ನುತ್ತದೆ. ಎಷ್ಟೋ ತಡೆಗಳು ಕೆಡುವುದು ಈ ಒಂದು ತಪ್ಪಿನಿಂದ. ಕೆಳಬದಿಗೆ ನೀರು ಧುಮುಕುವಲ್ಲಿ ಎರಡು ಅಡಿ ಚಪ್ಪಟೆ ಕಲ್ಲು ಹಾಸಿ. ಸಿಮೆಂಟು ಬೇಡ, ಕಲ್ಲಿನ ಸಂದಿಯಲ್ಲಿ ಕಪ್ಪೆ, ಏಡಿ ಇರುತ್ತವೆ. ಒಂದು ತಡೆಯ ಬುಡ ಮತ್ತು ಅದರ ಕೆಳಗಿನ ತಡೆಯ ತಲೆ ಒಂದೇ ಮಟ್ಟದಲ್ಲಿರುವಂತೆ ಅಂತರ ಹಿಡಿಯಿರಿ. ದಂಡೆಗೆ ಲಾವಂಚ, ಒಂದು ಗೇಣಿಗೊಂದು ಬುಡ, ಜುಲೈಯಲ್ಲಿ.

ಜೊಂಡು ಇದ್ದರೆ ಅರ್ಧ ಬಿಡಿ. ನೀರುಕೋಳಿ ಗೂಡಿಗೆ ಅದೇ ಆಸರೆ.

ಹುಲ್ಲುಗಾವಲು · ಮೇ 13, ಬೆಳಿಗ್ಗೆ 7:05

ಹಾವಿನ ಮಾತು. ಲಂಟಾನ, ಕಲ್ಲಿನ ರಾಶಿ, ಒಣಹುಲ್ಲು ಇರುವಲ್ಲಿ ಕೊಳಕಮಂಡಲ, ನಾಗರ ಇದ್ದೇ ಇರುತ್ತವೆ, ಇರಬೇಕಾದವೇ. ಪೊದೆಗೆ ಕೈ ಹಾಕುವ ಮುಂಚೆ ಕೋಲಿನಿಂದ ನೆಲ ಬಡಿಯಿರಿ, ಕಲ್ಲನ್ನು ಯಾವಾಗಲೂ ನಿಮ್ಮ ಕಡೆಗೆ ಎತ್ತಿ, ಅಂದರೆ ಕಲ್ಲು ನಿಮಗೂ ಹಾವಿಗೂ ನಡುವೆ ಇರಲಿ. ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಅಂಗವನ್ನು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಸೀದಾ ಸರಕಾರಿ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಬಡಾವಣೆ ಬಳಗ · ಮೇ 13, ರಾತ್ರಿ 8:50

ನಮ್ಮ ಯೋಜನೆ ಹೀಗೆ ಬದಲಾಯಿತು. ಪಾಲಿಕೆಗೆ ನಕಾಶೆ ಸಮೇತ ಅರ್ಜಿ, ಮೂರು ವರ್ಷದ ನಿರ್ವಹಣೆ ನಮ್ಮದೆಂದು ಬರೆದು. ಮೇ ಕೊನೆಯೊಳಗೆ ಎರಿ ಭಾಗದ ಕುಣಿ. ಜೂನ್ 5ಕ್ಕೆ ಲಂಟಾನದ ಮೂರನೇ ಒಂದು ಪಾಲು ಮತ್ತು ಕಾಂಗ್ರೆಸ್ ಕಸ. ಜೂನ್ 20ರ ನಂತರ ಮುಷ್ಟಿ ಪರೀಕ್ಷೆ ನೋಡಿ ಎರಿಯಲ್ಲಿ 70 ಸಸಿ, ಜುಲೈಯಲ್ಲಿ ಮಸಾರಿ ಅಂಚು ಮತ್ತು ನಾಲಾಕ್ಕೆ 90. ಮೇಲಿನ ಹುಲ್ಲು ಹಾಗೇ.

ಕೊನೆಯ ಪ್ರಶ್ನೆ. ಬೇಸಿಗೆಯಲ್ಲಿ ನೀರು ಹಾಕಿದರೂ ಕೆಲವು ಸಾಯುತ್ತವೆ. ಆ ಜಾಗಕ್ಕೆ ಮತ್ತೆ ಅದೇ ಸಸಿ ನೆಡಬೇಕೋ, ಬೇರೆಯದೋ?

ಸಸಿಮಡಿ · ಮೇ 14, ಬೆಳಿಗ್ಗೆ 6:55

ಸತ್ತ ಸಸಿಯನ್ನು ಕಿತ್ತು ಎಸೆಯಬೇಡಿ, ಮಣ್ಣಿನ ಹೆಂಟೆ ಸಮೇತ ಅಗೆದು ತೆಗೆದು ಬೇರು ನೋಡಿ. ಬೇರು ಹೆಂಟೆ ಬಿಟ್ಟು ಹೊರಗೆ ಬಂದೇ ಇಲ್ಲವೆಂದರೆ ಚೀಲದ ಸುತ್ತು ಕೊಯ್ದಿರಲಿಲ್ಲ. ಅದೇ ಜಾತಿಯನ್ನು ಸರಿಯಾಗಿ ಕೊಯ್ದು ಮತ್ತೆ ನೆಡಬಹುದು. ಬೇರು ಕರ್ರಗಾಗಿ ಸಿಪ್ಪೆ ಕೈಗೆ ಸುಲಿದು ಬಂದು ಕೊಳೆತ ವಾಸನೆ ಇದ್ದರೆ ಮಳೆಗಾಲದಲ್ಲೇ ನೀರು ನಿಂತು ಸತ್ತಿದೆ, ಎಲೆ ಒಣಗಿದ್ದು ಆಮೇಲೆ ಅಷ್ಟೇ. ಅಲ್ಲಿ ದಿಬ್ಬ ಎತ್ತರಿಸಿ ಕರಿಜಾಲಿ ಹಾಕಿ. ಬೇರಿನ ಎಳೆಗಳೆಲ್ಲ ಕತ್ತರಿಸಿದಂತಿದ್ದು ಮಣ್ಣಿನಲ್ಲಿ ಬಾಗಿದ ಬಿಳಿ ಗೊಣ್ಣೆ ಹುಳು ಸಿಕ್ಕರೆ ಗೊಬ್ಬರ ಹಸಿ ಇತ್ತು. ಹುಳು ಆರಿಸಿ ತೆಗೆದು ಕುಣಿಯನ್ನು ಒಂದು ತಿಂಗಳು ಬಿಸಿಲಿಗೆ ಬಿಡಿ. ಕಾಂಡದ ಸುತ್ತ ಮಣ್ಣಿನ ಹೊದಿಕೆ, ಒಳಗೆ ಸಿಪ್ಪೆ ಮಾಯ: ಒರಲೆ.

ಪ್ರತಿ ಸಸಿಗೂ ಅಲ್ಯುಮಿನಿಯಂ ತಗಡಿನ ನಂಬರು ಇರಲಿ. ತಂತಿಯನ್ನು ಕಾಂಡಕ್ಕೆ ಬಿಗಿಯದೆ ಪಕ್ಕದ ಗೂಟಕ್ಕೆ ಕಟ್ಟಿ. ಅಕ್ಟೋಬರ್, ಫೆಬ್ರವರಿ, ಮೇ, ಮೂರು ಸಲ ಎಣಿಸಿ ಕಾರಣದ ಜೊತೆ ಬರೆದಿಡಿ.

ಎರಿಹೊಲ · ಮೇ 14, ಬೆಳಿಗ್ಗೆ 7:20

ಇನ್ನೊಂದು ಕಾರಣ ಎರಿಯಾಗಿಂದು. ಫೆಬ್ರವರಿ–ಮಾರ್ಚಿಗೆ ನೆಲ ಬಿರಕ ಬಿಡ್ತದ, ಕೈ ಹೋಗುವಷ್ಟು. ಸಸಿ ಬುಡದಾಗ ಬಿರಕ ಹಾಯ್ದರ ಬೇರು ಹರದು ಗಾಳಿಗೆ ಒಣಗತಾವ, ಹಾಕಿದ ನೀರು ಬಿರಕಿನಾಗ ಇಳದು ಹೋಗ್ತದ, ಸಸಿಗೆ ಹತ್ತೂದಿಲ್ಲ. ಜನವರಿ ಮೊದಲ ವಾರದಾಗ ಪ್ರತಿ ಸಸಿ ಸುತ್ತ ಎರಡು ಫೂಟ ತನಕ ಎರಡು ಬೆರಳು ಆಳ ಕೆದರಿ ಮಣ್ಣು ಪುಡಿ ಮಾಡ್ರಿ, ಮ್ಯಾಲ ಮುಚ್ಚಿಗಿ ಹಾಕ್ರಿ. ಬಿರಕ ಬಿಟ್ಟಿದ್ರ ನೀರು ಹಾಕೂಕಿಂತ ಮೊದಲ ಒಣ ಪುಡಿಮಣ್ಣು ತುಂಬಿ ಕೋಲಿನಿಂದ ಜಡೀರಿ, ಆಮ್ಯಾಲ ಕೊಡಾ ಎತ್ರಿ.